ಮಿಸ್ಸಿಂಗ್

ಎಮಿಲ್ಡಾ ಟೀಚರ್ ಗಾಡಿ ಮತ್ತೆ ಬಂತು ನನ್ನ ಶೆಡ್ಡಿಗೆ.
ಅವರ ಅಣ್ಣ ಕುವೈತಿನಿಂದ ಹಡಗಿಗೆ ಹಾಕಿ ಕಳಿಸಿದ್ದು,
ಎಂಬತ್ತೇಳರ ಮಾಡೆಲ್ಲು, ಸ್ಟೇರಿಂಗು ಎಡಕ್ಕೆ.
ಕಾರ್ಬೊರೇಟರಿದೆ, ಅದನ್ನು ಆಳಲಿಕ್ಕೆ
ಎಲೆಪೆಟ್ಟಿಗೆಯಷ್ಟು ಒಂದು ಕಂಪ್ಯೂಟರ್ರೂ ಇದೆ.
ಹಳೇ ಊರಿಗೆ ಹೊಸ ಅಮಲ್ದಾರ.

ತಣ್ಣಗಿದ್ದಾಗ ಸಾಧು.
ಕಾದರೆ ಶುರು: ಡುಗ್ ಡುಗ್ ಡುಗ್
ಡುಗ್
ಆಯನೂರು ದಾರಿಯ ಏರಿನಲ್ಲಿ
ಕಬ್ಬಿನ ಟ್ರ್ಯಾಕ್ಟರೂ ಹಾರ್ನ್ ಹೊಡೆದು ಮುಂದೆ ಹೋಗುತ್ತೆ.

ಪ್ಲಗ್ಗು ಬಿಚ್ಚಿದೆ. ನಾಲ್ಕೂ ಕಪ್ಪು,
ಕಾಡಿಗೆ ತೀಡಿಕೊಂಡ ಹಾಗೆ. ಹೊಸದು ಹಾಕಿದೆ.
ಕತ್ತಲಾಗುವ ತನಕ ಕಾದು
ನೂರುಲ್ಲಾನ ಕೈಲಿ ವೈರುಗಳ ಮೇಲೆ ನೀರು ಚಿಮುಕಿಸಿದೆ,
ನೀಲಿ ಕಿಡಿ ಎಲ್ಲಾದರೂ ಕಳ್ಳದಾರಿ ಹಿಡಿದೀತು ಅಂತ.
ಹಿಡಿಯಲಿಲ್ಲ.
ಗಾಳಿ ಪೈಪುಗಳನ್ನು ಒಂದೊಂದಾಗಿ ಅದುಮಿ ನೋಡಿದೆ, ಎಲ್ಲೂ ಸೀಳಿಲ್ಲ.

ಮಾರನೇ ದಿನ
ಉದ್ದ ಸ್ಕ್ರೂಡ್ರೈವರ್ ಇಂಜಿನ್ನಿಗೆ ಆನಿಸಿ
ಹಿಡಿಯನ್ನು ದವಡೆಗೆ ಒತ್ತಿ ಕೇಳಿದೆ.
(ಎಡಗಿವಿ ಹೋಗಿ ಆರು ವರ್ಷ. ಯಾರಿಗೂ ಹೇಳಿಲ್ಲ.
ಆಟೋ ಕಾಂಪ್ಲೆಕ್ಸಿನಲ್ಲಿ ‘ಹುಚ್ರಾಯಪ್ಪನ ಕಿವಿ’ ಅಂದರೆ
ಅದೊಂದು ಬೋರ್ಡಿದ್ದ ಹಾಗೆ.)
“ಮೂರನೇ ಸಿಲಿಂಡರು” ಅಂದೆ, ಗಟ್ಟಿಯಾಗಿ.

ಟೀಚರ್ ಟೈರಿನ ಮೇಲೆ ಪೇಪರ್ ಹಾಸಿ ಕೂತಿದ್ದರು,
ದುರ್ಗಿಗುಡಿಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು.
“ಅಲ್ಲ ಹುಚ್ರಾಯಪ್ಪ.
ಒಂದೇ ಬೆರಳು ಸೋತಿದ್ದರೆ ತಪ್ಪು ಲೆಕ್ಕಕ್ಕೆ ಸರಿಯಾಗಿ ಬರುತ್ತೆ,
ನಮ್ಮ ಹುಡುಗರ ಕಿರುಬೆರಳಿನ ಹಾಗೆ, ಪ್ರತಿ ಸಲ ಅದೇ ಅಕ್ಷರ.
ಇದು ಒಮ್ಮೆ ಎರಡು ಹೊಡೆತಕ್ಕೆ ಎಡವುತ್ತೆ, ಒಮ್ಮೆ ಏಳಕ್ಕೆ.
ಬೆರಳು ಸರಿಯಿದೆ.
ನೋಡಿ ಹೊಡೆಯೋಕೆ ಕೊಟ್ಟ ಹಾಳೆಯೇ ತಪ್ಪು.”

ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಪಿನ್ನಿಗೆ ತುಂಡು ತಂತಿ ಸಿಕ್ಕಿಸಿದೆ.
ದೀಪ ಮಿಣುಕಿತು. ಒಂದು.
ಉಸಿರು ಬಿಟ್ಟಿತು. ಐದು.
ಗೋಡೆಯಲ್ಲಿ ಇದ್ದಿಲಿನಿಂದ ಬರೆದಿಟ್ಟ ಪಟ್ಟಿ,
ಹದಿನೈದು ಅಂದರೆ ನೀರಿನ ಬಿಸಿ ಅಳೆಯುವ ಸೆನ್ಸರು.
ಬಿಚ್ಚಿ ತಂದು ಶೇಷುವಿನ ಚಾ ಕೆಟಲಿನಲ್ಲಿ ಅದ್ದಿದೆ
(“ಪೂರಾ ಕೆಟಲಿನ ದುಡ್ಡು ಕೊಡ್ಬೇಕು” ಅಂದ).
ಬಿಸಿ ಏರಿದಂತೆ ಮೀಟರಿನ ಓಮ್ಸು ಇಳಿಯಿತು, ಸರಿಯಾಗಿ, ಮೆಟ್ಟಿಲು ಮೆಟ್ಟಿಲಾಗಿ.
ಸೆನ್ಸರು ಹರಿಶ್ಚಂದ್ರ.

ಹಾಗಾದರೆ ತಂತಿ.
ಹೊರಗೆ ನೋಡಿದರೆ ಮದುವೆ ಗಂಡಿನ ಹಾಗಿದೆ.
ಸುಲಿದೆ: ಒಳಗೆ ತಾಮ್ರವಿಲ್ಲ, ಗೇಣುದ್ದಕ್ಕೂ ಹಸಿರು ಪುಡಿ.
ಇಲ್ಲಿ ಇಂಜಿನ್ನು ಕುದಿಯುತ್ತಿದೆ,
ಅಲ್ಲಿ ಪೆಟ್ಟಿಗೆಗೆ ಸಿಕ್ಕುವ ಸುದ್ದಿ: ಚಳಿ, ಇನ್ನೂ ಚಳಿ.
ಪಾಪದ್ದು, ನಂಬಿ ಪೆಟ್ರೋಲು ಸುರಿಯುತ್ತಲೇ ಇತ್ತು
ಬೆವರುವವನಿಗೆ ಕಂಬಳಿ ಮೇಲೆ ಕಂಬಳಿ ಹೊದಿಸಿದ ಹಾಗೆ.
ಬೆಳಿಗ್ಗೆ ಹೊತ್ತು ಮಾತ್ರ ಸುಳ್ಳೂ ನಿಜವೂ ಒಂದೇ ಆಗಿತ್ತು.
ಅದಕ್ಕೇ ಸಾಧು.

ಹೊಸ ತಂತಿ, ಎರಡು ಬೆಸುಗೆ, ಒಂದು ಮೊಳ ಟೇಪು.
ಆಯನೂರಿನ ತನಕ ಟೀಚರೇ ಓಡಿಸಿದರು.
ಎಡಗಡೆ ಸ್ಟೇರಿಂಗಿನ ಗಾಡಿ, ನಾನು ಬಲಕ್ಕೆ,
ನನ್ನ ಸತ್ತ ಕಿವಿ ಅವರ ಕಡೆಗೆ.
ಏರು ಹತ್ತಿತು. ತಾಳ ತಪ್ಪಲಿಲ್ಲ.
ತುಟಿ ಅಲ್ಲಾಡಿದ್ದು ಕಂಡು “ಹೂಂ” ಅಂದೆ.
ಗಾಡಿ ನಿಲ್ಲಿಸಿ, ನನ್ನ ಮುಖ ನೋಡಿ ಅಂದರು:
“ಎಷ್ಟಾಯ್ತು ಅಂತ ಕೇಳಿದ್ದು ನಾನು.
ಹೂಂ ಅಂದರೆ ಎಷ್ಟು?”

ಎಂಟುನೂರು ಅಂದೆ. ನಕ್ಕರು. ಬೇರೇನೂ ಕೇಳಲಿಲ್ಲ.

ರಾತ್ರಿ ಒಲೆಯ ಹತ್ತಿರದಿಂದ ಚೌಡಮ್ಮ ಏನೋ ಅಂದಳು.
ಹೂಂ ನಾಲಿಗೆ ತುದಿಗೇ ಬಂದಿತ್ತು.
ನುಂಗಿದೆ.
“ಏನಂದೆ? ಈ ಕಡೆ ಬಂದು ಹೇಳು,
ಆ ಕಡೆಯದು ಕೇಳಿಸಲ್ಲ.”

ಸೌಟು ಹಿಡಿದುಕೊಂಡೇ ನಿಂತಳು.